ಡೋರೀನ್ ಹೆಸ್ಲಪ್ ಮತ್ತು ಪಾರಿವಾಳದ ಗೊಬ್ಬರ

ಈಸ್ಟ್ ಹ್ಯಾರಬಿಯಲ್ಲಿ ಹೊಸದಾಗಿ ಸಂಘ ಕಟ್ಟಬೇಕೆಂದರೆ ಮೂರು ಬೇಕಿತ್ತು. ಒಬ್ಬ ಅಧ್ಯಕ್ಷ, ಜಗಳ ಕಾಯಲು ಇನ್ನೊಂದು ಸಂಘ, ಮತ್ತು ಡೋರೀನ್ ಹೆಸ್ಲಪ್.

ಅಧ್ಯಕ್ಷನಾಗಲು ಊರ ತುಂಬ ಜನರಿದ್ದರು. ಜಗಳಕ್ಕೂ ಬರವಿರಲಿಲ್ಲ. ಡೋರೀನ್ ಮಾತ್ರ ಒಬ್ಬಳೇ. ಹಳೆಯ ಪ್ರಾರ್ಥನಾಮಂದಿರದ ಹಿಂದಿನ ಸಭೆಯ ಹಾಲಿನಲ್ಲಿ ಅವಳ ಕೇಂದ್ರ. ಬಾಗಿಲ ಮೇಲಿನ ಫಲಕದಲ್ಲಿ ‘ಸಮುದಾಯ ಸಂಪನ್ಮೂಲ ಕೇಂದ್ರ’ ಎಂದು ಬರೆದಿದ್ದರೂ ಊರವರ ಬಾಯಲ್ಲಿ ಅದು ‘ಡೋರೀನ್ ಅಂಗಡಿ’. ಅಂಗಡಿ ಎನ್ನುವುದಕ್ಕೆ ಅಲ್ಲಿ ಮಾರುವ ಸರಕು ಏನೂ ಇರಲಿಲ್ಲ, ಎಲ್ಲವೂ ಎರವಲು. ಅರವತ್ತು ಲೋಟ ಚಹಾ ಕಾಯಿಸುವ ಹಂಡೆ, ಮಡಚುವ ಕುರ್ಚಿಗಳು, ಕಾಗದ ನುಂಗುವ ಚಟದ ಒಂದು ಜೆರಾಕ್ಸ್ ಯಂತ್ರ, ಬ್ಯಾಡ್ಜು ಒತ್ತುವ ಯಂತ್ರ, ದಪ್ಪ ಅಳತೆಯದೊಂದು ತೆಳ್ಳನೆಯದೊಂದು ಎಂದು ಎರಡು ಸಾಂಟಾಕ್ಲಾಸ್ ವೇಷ, ಮತ್ತೆ ಗಾಳಿ ಊದಿದರೆ ಎದ್ದು ನಿಲ್ಲುವ, ಮಕ್ಕಳು ಒಳಗೆ ಕುಣಿಯುವ ರಬ್ಬರಿನ ಕೋಟೆ. ಹೆಣಿಗೆಯವರು, ಕಹಳೆ ವಾದ್ಯದವರು, ವಿಧವೆಯರ ಡಾನ್ಸ್ ಕ್ಲಬ್ಬಿನವರು ಎಲ್ಲರೂ ಅಲ್ಲಿಗೇ ಬರಬೇಕು. ಕರಪತ್ರದ ಕಾಗುಣಿತ ತಿದ್ದುವುದರಿಂದ ಹಿಡಿದು ಖಜಾಂಚಿ ಮುನಿಸಿಕೊಂಡು ಮನೆ ಸೇರಿದರೆ ರಮಿಸಿ ಕರೆತರುವವರೆಗೆ ಎಲ್ಲ ಅವಳದೇ ಉಸ್ತುವಾರಿ.

ಇದೆಲ್ಲ ಶುರುವಾದದ್ದು ಆ ಹಂಡೆಯಿಂದ. ಡೋರೀನ್ ಹರೆಯದಿಂದಲೇ ಕಲ್ಲಿದ್ದಲು ಗಣಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಗಣಿ ಕಾರ್ಮಿಕರು ಒಂದು ವರ್ಷ ಮುಷ್ಕರ ಹೂಡಿದಾಗ ದಿನಕ್ಕೆ ಮುನ್ನೂರು ಮಂದಿಗೆ ಗಂಜಿ ಹಾಕಿದವಳು. ಮುಷ್ಕರ ಸೋತಿತು, ಗಣಿ ಮುಚ್ಚಿತು, ಹಂಡೆ ಮತ್ತು ಕುರ್ಚಿಗಳು ಮಾತ್ರ ಅವಳ ಮನೆಯ ಹಜಾರದಲ್ಲಿ ಉಳಿದವು. ಮದುವೆಗೆ, ಸಾವಿಗೆ, ಸಭೆಗೆ ಎಂದು ಜನ ಕೇಳಿಕೊಂಡು ಬರತೊಡಗಿದರು. ಕುರ್ಚಿಗಳ ನಡುವೆ ಅಡ್ಡಡ್ಡ ನಡೆದೂ ನಡೆದೂ ರೋಸಿಹೋದ ಗಂಡ ರಾನ್ ಒಂದು ದಿನ ಕೇಳಿಯೇಬಿಟ್ಟ.

“ಈ ಮನೇಲಿ ಒಂದೋ ಹಂಡೆ ಇರ್ಬೇಕು, ಇಲ್ಲಾ ನಾನಿರ್ಬೇಕು. ಏನಂತೀಯ?”

ಡೋರೀನ್ ಅರ್ಧ ದಿನ ಯೋಚನೆ ಮಾಡಿ ಹಂಡೆಯನ್ನು ಹಾಲಿಗೆ ಸಾಗಿಸಿದಳು. ಮಾರನೆಯ ದಿನದಿಂದ ಚಹಾ ಅಲ್ಲೇ ಸಿಗುತ್ತದೆಂದು ರಾನ್ ಕೂಡ ಬೆಳಗ್ಗೆ ಎಂಟಕ್ಕೆಲ್ಲ ಅಲ್ಲಿಗೇ ಬಂದು ಕೂರತೊಡಗಿದ.

ಹಾಲಿನ ಬಾಡಿಗೆ, ಕರೆಂಟು, ಡೋರೀನಳ ಅರೆ ಸಂಬಳ ಇಷ್ಟನ್ನು ಪುರಸಭೆ ಕೊಡುತ್ತಿತ್ತು. ಇಪ್ಪತ್ತು ವರ್ಷ ಕೊಟ್ಟ ಮೇಲೆ ಒಂದು ಚಳಿಗಾಲ ಕಾಗದ ಬಂತು: ಬರುವ ಏಪ್ರಿಲ್‌ನಿಂದ ಇಲ್ಲ. ಡೋರೀನ್ ಅದನ್ನು ಎರಡು ಸಲ ಓದಿದಳು, ಹಿಂದುಮುಂದು ತಿರುಗಿಸಿದಳು, ಕಾಗುಣಿತದ ಮೂರು ತಪ್ಪು ತಿದ್ದಿ ವಾಪಸ್ ಕಳಿಸಿದಳು. ಅದರಿಂದ ಪ್ರಯೋಜನವೇನೂ ಆಗಲಿಲ್ಲ.

ಸಂಘಗಳು ಕೈಲಾದದ್ದು ಮಾಡಿದವು. ಹೆಣಿಗೆಯ ಹೆಂಗಸರು ಮೂರು ವಾರ ಕೂತು ಪುರಸಭೆಯ ಕಟ್ಟಡವನ್ನೇ ಗಡಿಯಾರ ಗೋಪುರ ಸಮೇತ ಉಣ್ಣೆಯಲ್ಲಿ ಹೆಣೆದು ಲಾಟರಿಗೆ ಇಟ್ಟರು. ಬಹುಮಾನ ಹೋದದ್ದು ಆ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿಗೇ. ಅವನು ಅದನ್ನು ಟೋಪಿ ಎಂದುಕೊಂಡು ತಲೆಗೆ ಹಾಕಿಕೊಂಡು ಹೋದ. ಕೂಡಿದ ಹಣದಲ್ಲಿ ಒಂದು ತಿಂಗಳ ಕರೆಂಟು ಉರಿಯುತ್ತಿತ್ತು, ಅಷ್ಟೆ.

ಆಗ ಯಾರೋ ಲಂಡನ್ನಿನ ಒಂದು ದತ್ತಿನಿಧಿಯ ಸುದ್ದಿ ಹೇಳಿದರು. ಇಪ್ಪತ್ತೆಂಟು ಪುಟದ ಅರ್ಜಿ ಬಂತು. ಡೋರೀನ್ ಕನ್ನಡಕ ಏರಿಸಿ ಕೂತಳು. ‘ನಿಮ್ಮ ಕೆಲಸದಿಂದ ಸಮುದಾಯದಲ್ಲಿ ಆದ ಬದಲಾವಣೆಯನ್ನು ಅಳತೆಯ ಮೂಲಕ ತೋರಿಸಿ’ ಎಂದಿತ್ತು. ದರ್ಜಿಯ ಟೇಪು ಹಿಡಿದು ಡಾನ್ಸ್ ಕ್ಲಬ್ಬಿಗೆ ಹೋಗಿ ಬಂದವಳು ‘ಗ್ಲಾಡಿಸ್ ರಾಬ್ಸನ್ ಸೊಂಟದಲ್ಲಿ ನಾಲ್ಕು ಇಂಚು ಕಡಿಮೆ’ ಎಂದು ಬರೆದಳು. ‘ಸ್ಥಳೀಯ ಸಂಘಗಳ ನಡುವಿನ ಸಹಕಾರವನ್ನು ವಿವರಿಸಿ’ ಎಂಬಲ್ಲಿಗೆ ಬಂದಾಗ ಮಾತ್ರ ಪೆನ್ನು ನಿಂತಿತು.

ಯಾಕೆಂದರೆ ಊರಿನ ಅತಿ ದೊಡ್ಡ ಸಂಘಗಳು ಎರಡು. ಒಂದು ಕತ್ಬರ್ಟ್ ರೇನ್‌ನ ಪಂದ್ಯದ ಪಾರಿವಾಳ ಸಂಘ. ಇನ್ನೊಂದು ವಿಲ್ಫ್ ಸ್ಟಾಬರ್ಟ್‌ನ ಲೀಕ್ ಬೆಳೆಗಾರರ ಸಂಘ. ಲೀಕ್ ಎಂದರೆ ಈರುಳ್ಳಿಯ ದಾಯಾದಿ. ಆ ಸೀಮೆಯಲ್ಲಿ ಅದನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ತೊಡೆಯಷ್ಟು ದಪ್ಪ ಬೆಳೆಸಿ ಪ್ರದರ್ಶನಕ್ಕೆ ಇಡುತ್ತಾರೆ. ಕತ್ಬರ್ಟ್‌ನ ಪಾರಿವಾಳಗಳು ವಿಲ್ಫ್‌ನ ಎಳೆ ಸಸಿಗಳನ್ನು ಕಿತ್ತವೆಂಬುದು ಜಗಳದ ಮೂಲ. ವಿಲ್ಫ್ ಸಿಟ್ಟಿಗೆದ್ದು ಬೆದರುಬೊಂಬೆ ನಿಲ್ಲಿಸಿದ. ಅದಕ್ಕೆ ತೊಡಿಸಿದ ಹಳೆಯ ಕೋಟು ಕತ್ಬರ್ಟ್‌ನ ಹೆಂಡತಿ ಚರ್ಚಿಗೆ ದಾನ ಕೊಟ್ಟದ್ದು. ಪಾರಿವಾಳಗಳು ಯಜಮಾನನ ಕೋಟಿನ ಗುರುತು ಹಿಡಿದು ಸಂಸಾರ ಸಮೇತ ಬಂದು ಅದರ ಭುಜದ ಮೇಲೇ ಕೂತವು. ಅಲ್ಲಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಡೋರೀನ್ ಪೆನ್ನು ಕಚ್ಚಿ ಬರೆದಳು: ‘ಪಾರಿವಾಳ ಸಂಘಕ್ಕೂ ಲೀಕ್ ಸಂಘಕ್ಕೂ ಇಪ್ಪತ್ತು ವರ್ಷಗಳಿಂದ ಗಾಢವಾದ ಸಂಬಂಧವಿದೆ. ಒಬ್ಬರನ್ನೊಬ್ಬರು ನೆನೆಯದ ದಿನವಿಲ್ಲ.’

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ದತ್ತಿನಿಧಿಯವರು ಇದನ್ನು ಓದಿ ಎಷ್ಟು ಮೆಚ್ಚಿದರೆಂದರೆ, ಈ ಸಂಬಂಧವನ್ನು ಕಣ್ಣಾರೆ ನೋಡಲು ಆಶ್‌ಕ್ರಾಫ್ಟ್ ಎಂಬುವರನ್ನು ಕಳಿಸುತ್ತೇವೆಂದು ಬರೆದರು.

ಡೋರೀನ್ ಕಾಗದ ಮಡಚಿ ಎದ್ದಳು. ಮೊದಲು ವಿಲ್ಫ್‌ನ ಹಿತ್ತಲಿಗೆ ಓಡಿದಳು.

“ಒಂದು ಗಂಟೆ ಕಣೋ ವಿಲ್ಫ್. ಅವನ ಪಕ್ಕ ಸುಮ್ನೆ ಕೂತ್ಕೊ ಸಾಕು. ಮಾತಾಡೋದೂ ಬೇಡ.”

“ಆ ಹಕ್ಕಿ ಕಳ್ಳನ ಪಕ್ಕಾನಾ? ನನ್ನ ಹೆಣದ ಪಕ್ಕಾನೂ ಅವ್ನು ಕೂರ್ಬಾರ್ದು!”

“ಹಂದಿಮಾಂಸದ ಸ್ಯಾಂಡ್‌ವಿಚ್ ಮಾಡ್ತೀನಿ. ಬಟಾಣಿ ಬೇಯಿಸಿ ಹಚ್ಚಿ.”

ವಿಲ್ಫ್ ಗುದ್ದಲಿ ಊರಿ ನಿಂತ. “ಸಾಸಿವೆ ಇರತ್ತಾ?”

ಕತ್ಬರ್ಟ್‌ನೂ ಅದೇ ದರಕ್ಕೆ ಒಪ್ಪಿದ. ಆದರೆ ಬರಿಗೈಯಲ್ಲಿ ಬರಲಾರೆ, ನನ್ನ ಚಾಂಪಿಯನ್ ಹಕ್ಕಿಯನ್ನೂ ತರುತ್ತೇನೆ ಎಂದ. ಅದು ಗೊತ್ತಾಗಿ ವಿಲ್ಫ್, ಹಾಗಿದ್ದರೆ ನಾನು ನನ್ನ ಲೀಕ್ ತರುತ್ತೇನೆ ಎಂದ.

ಆಶ್‌ಕ್ರಾಫ್ಟ್ ಬರುವ ಮಂಗಳವಾರ ಬಂತು. ಹಿಂದಿನ ದಿನ ಶಾಲೆಯಿಂದ ಒದ್ದೆಯಾಗಿ ವಾಪಸ್ ಬಂದಿದ್ದ ರಬ್ಬರ್ ಕೋಟೆಯನ್ನು ಒಣಗಲೆಂದು ಹಾಲಿನ ಉದ್ದಗಲಕ್ಕೂ ಹಾಸಿದ್ದರು. ಊದುವ ಯಂತ್ರವನ್ನು ಬಿಚ್ಚಿರಲಿಲ್ಲ. ಉಳಿದದ್ದು ಒಳಗೋಡೆಯ ಬದಿಯ ಒಂದು ಪಟ್ಟಿ ಜಾಗ. ಅಲ್ಲೇ ನಾಲ್ಕು ಕುರ್ಚಿ ಹಾಕಿ ಡೋರೀನ್ ಅತಿಥಿಯನ್ನು ಕೂರಿಸಿದಳು. ಆಶ್‌ಕ್ರಾಫ್ಟ್ ಎಳೆ ಮುಖದ, ಬೂದು ಸೂಟಿನ, ತೊಡೆಯ ಮೇಲೆ ಫೈಲಿಟ್ಟುಕೊಂಡ ಮನುಷ್ಯ. ಅವನ ಎಡಕ್ಕೆ ಬುಟ್ಟಿಯಲ್ಲಿ ಪಾರಿವಾಳ ಹಿಡಿದ ಕತ್ಬರ್ಟ್, ಬಲಕ್ಕೆ ಕೂಸಿನಂತೆ ಲೀಕ್ ಎತ್ತಿಕೊಂಡ ವಿಲ್ಫ್.

“ನಿಮ್ಮಿಬ್ಬರ ಸಹಕಾರದ ಬಗ್ಗೆ ಸ್ವಲ್ಪ ಹೇಳ್ತೀರಾ?” ಎಂದ ಆಶ್‌ಕ್ರಾಫ್ಟ್.

ಕತ್ಬರ್ಟ್ ಸೂರು ನೋಡಿದ. ವಿಲ್ಫ್ ಲೀಕಿನ ಬೇರು ಸವರಿದ.

“ಇಬ್ಬರೂ ಸ್ವಲ್ಪ ನಾಚಿಕೆ ಸ್ವಭಾವ, ಬಂಗಾರ,” ಎಂದಳು ಡೋರೀನ್. ಅವಳು ಪುರಸಭೆಯ ಅಧ್ಯಕ್ಷನನ್ನೂ ಹಾಲಿನವನನ್ನೂ ಬಂಗಾರ ಎಂದೇ ಕರೆಯುವವಳು. “ಮೇವಿಸ್! ಚಹಾಕ್ಕೆ ಸ್ವಿಚ್ ಹಾಕೇ!”

ಮೇವಿಸ್ ಕೇಂದ್ರಕ್ಕೆ ಪುಕ್ಕಟೆ ದುಡಿಯುವ ಎಪ್ಪತ್ತೊಂಬತ್ತರ ಮುದುಕಿ. ಕಿವಿ ಮಂದ, ಕಣ್ಣು ಅದಕ್ಕಿಂತ ಮಂದ. ಬಾಗಿಲ ಪಕ್ಕ ಎರಡು ಸ್ವಿಚ್ಚಿದ್ದವು. ಒಂದು ಹಂಡೆಯದು, ಒಂದು ಊದುವ ಯಂತ್ರದ್ದು. ಮೇವಿಸ್ ಒಂದನ್ನು ಒತ್ತಿದಳು, ಹಾಲು ಮುಗಿದಿದೆಯೆಂದು ನೆನಪಾಗಿ ಬಾಗಿಲೆಳೆದುಕೊಂಡು ಅಂಗಡಿಗೆ ಹೋದಳು.

ಮೊದಲು ನೆಲ ನಿಟ್ಟುಸಿರು ಬಿಟ್ಟಂತಾಯಿತು. ಆಶ್‌ಕ್ರಾಫ್ಟ್ ಇನ್ನೂ ಮೂರನೆಯ ಪ್ರಶ್ನೆ ಓದುತ್ತಿದ್ದ, ಅವನ ಫೈಲಿನಾಚೆ ಒಂದು ಹಳದಿ ಬುರುಜು ಮೆಲ್ಲಗೆ ತಲೆಯೆತ್ತಿತು. ಆಮೇಲೆ ಇನ್ನೊಂದು. ಡೋರೀನ್ ಬಾಯಿ ತೆರೆಯುವಷ್ಟರಲ್ಲಿ ಕೆಂಪು ಗೋಡೆ ಉಬ್ಬಿ ಬಂದು ನಾಲ್ವರನ್ನೂ ಕುರ್ಚಿ ಸಮೇತ ಹಾಲಿನ ಗೋಡೆಗೆ ಒತ್ತಿತು. ಬುರುಜುಗಳು ಸೂರಿಗೆ ತಾಗಿ ಕಿರುಗುಟ್ಟಿದವು. ಬಾಗಿಲೂ ಸ್ವಿಚ್ಚೂ ಕೋಟೆಯ ಆಚೆ ಉಳಿದವು.

“ಮೇವಿಸ್!” ಎಂದು ಡೋರೀನ್ ಕೂಗಿದಳು. ಊದುವ ಯಂತ್ರ ಭರ್ರೆಂದಿತು.

“ಇದು... ಕಾರ್ಯಕ್ರಮದ ಭಾಗಾನಾ?” ಆಶ್‌ಕ್ರಾಫ್ಟ್‌ನ ಕೆನ್ನೆ ಕತ್ಬರ್ಟ್‌ನ ಕೆನ್ನೆಗೆ ಅಂಟಿತ್ತು.

“ನಿನ್ನ ಲೀಕು ನನ್ನ ಪಕ್ಕೆಗೆ ಚುಚ್ತಾ ಇದೆ ಕಣೋ!” ಎಂದ ಕತ್ಬರ್ಟ್. ಇಪ್ಪತ್ತು ವರ್ಷದಲ್ಲಿ ಅವನು ವಿಲ್ಫ್‌ನೊಡನೆ ನೇರವಾಗಿ ಆಡಿದ ಮೊದಲ ಮಾತದು.

“ಹುಷಾರು, ಎಲೆ ಮುರಿದ್ರೆ ನಿನ್ನ ಕತ್ತು ಮುರೀತೀನಿ!” ಇದು ಎರಡನೆಯದು.

ಈ ಒತ್ತಡದಲ್ಲಿ ಬುಟ್ಟಿಯ ಬಾಗಿಲು ತೆರೆದುಕೊಂಡು ಪಾರಿವಾಳ ಹೊರಬಂತು. ಹಾರಲು ಜಾಗವಿಲ್ಲದೆ ಆಶ್‌ಕ್ರಾಫ್ಟ್‌ನ ತಲೆಯೇರಿ ಕೂತು, ಗಾಬರಿಗೆ ಅವನ ಫೈಲಿನ ಮೇಲೆ, ಸರಿಯಾಗಿ ‘ಸಹಕಾರ’ ಎಂಬ ಕಾಲಮ್ಮಿನಲ್ಲಿ ಹಿಕ್ಕೆ ಹಾಕಿತು.

ಡೋರೀನ್ ಕಣ್ಣು ಮುಚ್ಚಿಕೊಂಡಳು. ಹೋಯಿತು, ಎಲ್ಲ ಹೋಯಿತು ಎಂದುಕೊಂಡಳು. ಇಪ್ಪತ್ತು ವರ್ಷ ಹೀಗೆ ಗೋಡೆಗೆ ಅಂಟಿ ಮುಗಿಯಿತಲ್ಲ ಎನ್ನುವಾಗಲೇ ನಗು ಉಕ್ಕಿ, ಅದನ್ನು ಹಿಡಿದಿಡಲು ಅವಳು ತುಟಿ ಕಚ್ಚಿದಳು. ಅಷ್ಟರಲ್ಲಿ ವಿಲ್ಫ್‌ನ ದನಿ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ.

“ಏನು ತಿನ್ನಿಸ್ತೀಯ ಇದಕ್ಕೆ?”

“ಬಟಾಣಿ, ಮುಸುಕಿನ ಜೋಳ, ಒಂಚೂರು ಬಾರ್ಲಿ. ಯಾಕೆ?”

ವಿಲ್ಫ್ ಕಷ್ಟಪಟ್ಟು ಕತ್ತು ಚಾಚಿ ಫೈಲನ್ನು ಮೂಸಿ ನೋಡಿದ. “ಆಹಾ. ವಾರಕ್ಕೆ ಎಷ್ಟು ಬರತ್ತೆ ಇಂಥದ್ದು?”

“ನನ್ನ ಗೂಡೊಂದ್ರಲ್ಲೇ ಎರಡು ಬಕೆಟ್ಟು. ಸಂಘದ್ದೆಲ್ಲ ಸೇರಿದ್ರೆ ಇಪ್ಪತ್ತು.”

“ಅದನ್ನ ಏನ್ ಮಾಡ್ತೀಯ?”

“ಇನ್ನೇನು ಮಾಡ್ತಾರೆ, ಕಸಕ್ಕೆ ಹಾಕ್ತೀನಿ.”

“ಕಸಕ್ಕಾ!” ವಿಲ್ಫ್‌ನ ಕಣ್ಣಲ್ಲಿ ನೀರೇ ಬಂತು. “ಪಾಪಿ! ನಾನು ಕುದುರೆ ಲದ್ದಿಗೆ ಆರು ಮೈಲಿ ಹೋಗ್ತೀನಿ ಕಣೋ. ಪಕ್ಕದ ಬೀದೀಲಿ ಬಂಗಾರ ಕಸಕ್ಕೆ ಹಾಕ್ತಾ ಇದೀಯ!”

“ಕೇಳಿದ್ರೆ ಕೊಡ್ತಿದ್ದೆ.”

“ಮಾತು ಬಿಟ್ಟಿದ್ವಲ್ಲೋ, ಹೇಗೆ ಕೇಳ್ಲಿ?”

ಆಶ್‌ಕ್ರಾಫ್ಟ್ ಗೋಡೆಗೂ ಕೋಟೆಗೂ ನಡುವೆ ಸಿಕ್ಕಿದ ಕೈಯಲ್ಲೇ ಏನನ್ನೋ ಗೀಚುತ್ತಿದ್ದ.

ಆದರೆ ಯಾರಾದರೂ ಕೋಟೆ ಹತ್ತಿ ಆಚೆ ಇಳಿದು ಸ್ವಿಚ್ ಆರಿಸಲೇಬೇಕಿತ್ತು. ಡೋರೀನಳಿಗೆ ಮಂಡಿ ನೋವು. ವಿಲ್ಫ್‌ಗೆ ಎಪ್ಪತ್ತನಾಲ್ಕು. ಕತ್ಬರ್ಟ್‌ನ ಕೈಯಲ್ಲಿ ಹಕ್ಕಿ. ಮೂವರೂ ಅತಿಥಿಯನ್ನೇ ನೋಡಿದರು. ಅವನು ಉಗುಳು ನುಂಗಿ ಕೋಟೆಗೆ ಕಾಲೆತ್ತಿದ.

“ಶೂ!” ಎಂದಳು ಡೋರೀನ್. ಲಕ್ವ ಹೊಡೆದರೂ ಅವಳು ನಿಯಮ ಮರೆಯುವವಳಲ್ಲ. “ಶೂ ಬಿಚ್ಬೇಕು ಬಂಗಾರ. ಬೆಲ್ಟೂ. ಜೇಬಲ್ಲಿ ಪೆನ್ನಿದ್ರೆ ಕೊಟ್ಟು ಹೋಗು.”

ತೂತು ಬಿದ್ದ ಕಾಲ್ಚೀಲದಲ್ಲಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಆಶ್‌ಕ್ರಾಫ್ಟ್ ಹತ್ತಿದ. ಕೆಳಗಿನಿಂದ ವಿಲ್ಫ್ ಲೀಕಿನಿಂದಲೇ ಅವನ ಬೆನ್ನಿಗೆ ಒತ್ತುಕೊಟ್ಟ. ಕೋಟೆಯೊಳಗೆ ಅವನು ದೊಪ್ಪೆಂದು ಬಿದ್ದ ಸದ್ದಾಯಿತು. ಆಮೇಲೆ ಅವನ ತಲೆ ಗೋಡೆಯ ಮೇಲೆ ಕಾಣಿಸಿತು. ಮಾಯವಾಯಿತು. ಮತ್ತೆ ಕಾಣಿಸಿತು.

“ಸ್ವಿಚ್ಚು ಬಾಗಿಲ ಹತ್ರ!” ಎಂದು ಡೋರೀನ್ ಕೂಗಿದಳು.

“ಗೊತ್ತಾಯ್ತು!” ಎಂದಿತು ತಲೆ, ಮತ್ತೆ ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಸ್ವಿಚ್ಚಿಗೆ ಹೋಗಲು ಅಷ್ಟು ಸಲ ಮೇಲೆ ಹಾರುವ ಅಗತ್ಯ ಇರಲಿಲ್ಲವೆಂದು ಕತ್ಬರ್ಟ್ ಇವತ್ತಿಗೂ ಹೇಳುತ್ತಾನೆ.

ಹಾಲಿನ ಬಾಟಲಿಯೊಂದಿಗೆ ಬಾಗಿಲು ತೆರೆದ ಮೇವಿಸ್‌ಗೆ ಕಂಡದ್ದು, ಸೂಟು ತೊಟ್ಟ ಲಂಡನ್ನಿನವನೊಬ್ಬ ಒಬ್ಬನೇ ಕುಪ್ಪಳಿಸುತ್ತಿರುವುದು. ಅವಳು ಕನ್ನಡಕ ಸರಿಮಾಡಿಕೊಂಡಳು.

“ದೊಡ್ಡೋರಿಗೆ ಇಲ್ಲ ಕಣಪ್ಪಾ,” ಎಂದಳು. “ಹನ್ನೆರಡು ವರ್ಷದ ಒಳಗಿನೋರಿಗೆ ಮಾತ್ರ.”

ಮೂರು ವಾರಕ್ಕೆ ಕಾಗದ ಬಂತು. ವಿಷಾದಿಸುತ್ತೇವೆ, ಎಂದು ಶುರುವಾಗಿತ್ತು. ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ನಮ್ಮ ದತ್ತಿನಿಧಿ ಹಣ ಕೊಡುವುದಿಲ್ಲ, ಹೊಸ ಯೋಜನೆಗಳಿಗೆ ಮಾತ್ರ. ಡೋರೀನ್ ಕೂತುಬಿಟ್ಟಳು. ರಾನ್ ಕಾಗದ ಇಸಿದುಕೊಂಡು ಕೊನೆಯವರೆಗೆ ಓದಿದ.

“ತಾಳು ಮಾರಾಯ್ತಿ, ಇನ್ನೂ ಇದೆ. ‘ತಮ್ಮಲ್ಲಿ ಹೊಸದಾಗಿ ಹುಟ್ಟಿರುವ ಪಾರಿವಾಳ-ಲೀಕ್ ಗೊಬ್ಬರ ಸಹಕಾರ ಯೋಜನೆಯನ್ನು ನಮ್ಮ ಪ್ರತಿನಿಧಿ ಬಹಳ ಹತ್ತಿರದಿಂದ ಕಂಡಿದ್ದಾರೆ. ಅದಕ್ಕೆ ಕಚೇರಿ, ಕರೆಂಟು ಮತ್ತು ಒಬ್ಬ ಸಂಯೋಜಕಿಯ ಸಂಬಳ ಕೋರಿದರೆ ಮೂರು ವರ್ಷದ ನೆರವನ್ನು ಪರಿಶೀಲಿಸಲಾಗುವುದು.’”

“ಅಂದ್ರೆ?”

“ಅಂದ್ರೆ ಹಂಡೆಗೆ ದುಡ್ಡಿಲ್ಲ. ಹಿಕ್ಕೆಗೆ ಇದೆ.”

ಹಾಗೆ ಆ ಏಪ್ರಿಲ್‌ನಿಂದ ಡೋರೀನ್ ಹೆಸ್ಲಪ್ ಗೊಬ್ಬರ ಸಂಯೋಜಕಿಯಾದಳು. ಅದೇ ಸಭಾಂಗಣ, ಅದೇ ಕುರ್ಚಿ, ಬಾಗಿಲ ಮೇಲೆ ಫಲಕ ಮಾತ್ರ ಹೊಸದು. ಆದರೆ ಕೊಟ್ಟ ಮಾತಿಗೆ ತಪ್ಪುವವಳಲ್ಲ ಅವಳು. ಪ್ರತಿ ಶುಕ್ರವಾರ ಮೂಗಿಗೆ ಬಟ್ಟೆ ಕಟ್ಟಿ ಇಪ್ಪತ್ತು ಬಕೆಟ್ಟು ಹಿಕ್ಕೆಯನ್ನು ಖುದ್ದಾಗಿ ತೂಗಿಸಿ ವಿಲ್ಫ್‌ನವರಿಗೆ ಒಪ್ಪಿಸಿದಳು. ವಿಧವೆಯರ ಡಾನ್ಸ್ ಕ್ಲಬ್ಬು ಈ ಯೋಜನೆಗೆ ಹೇಗೆ ಸಂಬಂಧ ಎಂದು ಲಂಡನ್ನಿನಿಂದ ಪ್ರಶ್ನೆ ಬಂದಾಗ, ಒಂದು ಶುಕ್ರವಾರ ಗ್ಲಾಡಿಸ್ ರಾಬ್ಸನ್ ಮತ್ತು ಹನ್ನೊಂದು ಹೆಂಗಸರನ್ನು ರಬ್ಬರ್ ಬೂಟು ಹಾಕಿಸಿ ಗೊಬ್ಬರದ ಗುಂಡಿಯಲ್ಲಿ ವಾಲ್ಟ್ಸ್ ಕುಣಿಸಿ, ‘ಮಿಶ್ರಣ ಕಾರ್ಯ’ ಎಂದು ಫೋಟೊ ಕಳಿಸಿದಳು. ಮತ್ತೆ ಪ್ರಶ್ನೆ ಬರಲಿಲ್ಲ.

ಆ ಸೆಪ್ಟೆಂಬರಿನ ಪ್ರದರ್ಶನದಲ್ಲಿ ವಿಲ್ಫ್‌ನ ಲೀಕ್ ಜಿಲ್ಲೆಗೇ ಮೊದಲು ಬಂತು. ಬಹುಮಾನದ ಚೀಟಿಯಲ್ಲಿ ಯಾರ ಹೆಸರು ಬರೆಯಬೇಕೆಂದು ವಿಲ್ಫ್‌ಗೂ ಕತ್ಬರ್ಟ್‌ಗೂ ಅಲ್ಲೇ ಹತ್ತಿಕೊಂಡಿತು. ಈ ಸಲ ಮಾತು ಬಿಡಲಿಲ್ಲ, ಯಾಕೆಂದರೆ ಮಾತು ಬಿಟ್ಟರೆ ಗೊಬ್ಬರ ನಿಲ್ಲುತ್ತದೆ. ಮಾತಾಡಿಕೊಂಡೇ ಜಗಳವಾಡಿದರು. ಅದು ಮೊದಲಿಗಿಂತ ಬಹಳ ಗದ್ದಲ.

ಮೂರನೆಯ ವರ್ಷ ದತ್ತಿನಿಧಿಯವರು ಬೇರೆ ಬೇರೆ ಊರಿನ ಕೇಂದ್ರಗಳವರನ್ನು ಒಂದು ಬಸ್ಸಿನಲ್ಲಿ ತುಂಬಿ, ಈ ಮಾದರಿಯನ್ನು ಕಲಿತು ಬನ್ನಿ ಎಂದು ಈಸ್ಟ್ ಹ್ಯಾರಬಿಗೆ ಕಳಿಸಿದರು. ನಲವತ್ತು ಜನ ಗೂಡು ನೋಡಿದರು, ಗುಂಡಿ ನೋಡಿದರು, ಮೂಗು ಮುಚ್ಚಿಕೊಂಡು ಟಿಪ್ಪಣಿ ಬರೆದರು, ಡೋರೀನ್ ಮಾಡಿದ ಲೀಕ್ ಕಡುಬು ತಿಂದರು. ಕೈ ಬೀಸಿ ಬಸ್ಸು ಹೊರಟ ಮೇಲೆ ಡೋರೀನ್ ಒಳಬಂದು ಪಾತ್ರೆ ಎಣಿಸಿದಳು. ಎಂಟು ಚಮಚ ಕಡಿಮೆ.

“ರಾನ್,” ಎಂದು ಕೋಟಿಗೆ ಕೈ ತೂರಿಸುತ್ತ ಕೂಗಿದಳು, “ಕಾರು ತೆಗಿ! ಇನ್ನೂ ಸುತ್ತುರಸ್ತೆ ದಾಟಿರಲ್ಲ ಆ ಬಸ್ಸು.”