ಸಸ್ಯಾಹಾರಿ ಹೋಟೆಲಿನಲ್ಲಿ ಎರಡು ಮೀನು

ಭದ್ರಾವತಿ ದಾಟಿ ಶಿವಮೊಗ್ಗದ ದಾರಿಯಲ್ಲಿ ನಮ್ಮ ಬಸ್ಸು ಪಂಕ್ಚರಾಯಿತು. ಹಳ್ಳದ ಪಕ್ಕದ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಟೀ ಹೇಳಿ ಕೂತೆ. ಮೊಣಕಾಲವರೆಗೆ ಒದ್ದೆಯಾಗಿದ್ದ ಯುವತಿಯೊಬ್ಬಳು ಹಳ್ಳದಿಂದ ಮೇಲೆ ಬಂದು, ಹೊರಗಿನ ಕಲ್ಲುಬೆಂಚಿನ ಮೇಲೆ ತಟ್ಟೆಯಿಟ್ಟು, ಬೆರಳುದ್ದದ ಎರಡು ಮೀನು ಸೀಳಲು ಕೂತಳು.

ಹಣೆ ತುಂಬ ವಿಭೂತಿಯಿದ್ದ ಹೋಟೆಲಿನ ಮಾಲೀಕರು ಓಡಿಬಂದರು. "ಇಲ್ಲಿ ಮೀನು ಕುಯ್ಬೇಡ ಮಾರಾಯ್ತಿ!"

"ಅಡುಗೆಗಲ್ಲ ಅಣ್ಣ, ನಾನು ಮೀನಿನ ಮೇಲೆ ಸಂಶೋಧನೆ ಮಾಡೋಳು. ಇವು ಏನು ತಿಂದಿವೆ ಅಂತ ನೋಡಕ್ಕೆ. ತಡೆಗೋಡೆ ಕಟ್ಟಕ್ಕೆ ಅಂತ ನಾಳೆ ಹಳ್ಳದ ದಡದ ಮರ ಕಡೀತಾರೆ. ನೋಡದೆ ನಾನು ಏಳಲ್ಲ."

ಅವಳು ಏಳಲಿಲ್ಲ. ಮೊದಲನೆಯ ಮೀನಿನ ಹೊಟ್ಟೆಯಲ್ಲಿ ಬರೀ ಹಸಿರು ಪಾಚಿ. "ಇದು ನಿಮ್ಮ ಗಿರಾಕಿ," ಎಂದಳು. ಮಾಲೀಕರು ನಗಲಿಲ್ಲ, ಹೋಗಲೂ ಇಲ್ಲ. ಹಳ್ಳದ ಅದೇ ಗುಂಡಿಯಲ್ಲಿ ಸಿಕ್ಕಿದ್ದೆಂದು ಅವಳು ಹೇಳಿದ ಎರಡನೆಯದರ ಹೊಟ್ಟೆಯಲ್ಲಿ ಪಾಚಿಯ ಎಳೆಯೂ ಇರಲಿಲ್ಲ, ಪೂರ್ತಿ ಕೆಂಪಿರುವೆಯ ಕಾಲುಗಳು. ಕೊಂಬೆಯಿಂದ ಉದುರುವ ಇರುವೆ ತಿಂದು ನೀರಿನ ಮೀನು ಬದುಕುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮಾಲೀಕರು ಅವಳ ಕೈಲಿದ್ದ ಭೂತಗನ್ನಡಿ ಇಸಿದುಕೊಂಡು ಬಗ್ಗಿದರು. "ಮರ ಹೋದ್ರೆ ಇದೇನ್ ತಿನ್ನುತ್ತೆ?"

"ಆ ಮೊದಲನೇ ಮೀನಿನ ಪಾಚಿಗೇ ಬಾಯಿ ಹಾಕುತ್ತೆ. ಬೇಸಿಗೇಲಿ ಇರೋ ಪಾಚಿ ಒಂದಕ್ಕೇ ಸಾಲಲ್ಲ."

ಬಸ್ಸಿನ ಹಾರ್ನ್ ಕೇಳಿ ನಾನು ಎದ್ದೆ. ಮಾಲೀಕರು ಒಳಗೆ ಹೋಗಿ, ಹೆಗಲ ಮೇಲಿನ ಟವೆಲಿನಿಂದ ಒಂದು ಟೇಬಲನ್ನು ಒರೆಸತೊಡಗಿದ್ದರು.

"ಗೋಡೆ ಕಟ್ಟಿಸೋ ಇಂಜಿನಿಯರ್ ಮಧ್ಯಾಹ್ನ ಊಟಕ್ಕೆ ಇಲ್ಲಿಗೇ ಬರ್ತಾರೆ," ಎಂದು ಅಲ್ಲಿಂದಲೇ ಕೂಗಿದರು. "ಆ ತಟ್ಟೆ ತಗೊಂಡು ಒಳಗ್ ಬಾಮ್ಮ. ಅವ್ರ ಎಲೆ ಪಕ್ಕಾನೇ ಇಡು."