ಬಾಯಿಬಡುಕಿಯ ಕುದುರೆ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ‘ರೇಡಿಯೊ’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಕೆಲಸ ಕುದುರೆ ಲಾಯದಲ್ಲಿ. ಲದ್ದಿ ಬಾಚುವಾಗ, ಹುಲ್ಲು ಹಾಕುವಾಗ, ಗೊರಸಿನ ಸಂದಿಯ ಕಲ್ಲು ಕೀಳುವಾಗ ಕೈಗಿಂತ ಬಾಯಿಯೇ ಮುಂದೆ. ಕೇಳುವವರು ಮನುಷ್ಯರೇ ಆಗಬೇಕೆಂಬ ಹಠವೂ ಇರಲಿಲ್ಲ, ಬಕೆಟ್ಟಾದರೂ ಆದೀತು.

ಗಂಡ ಗಡಿಯಾರ ರಿಪೇರಿಯವನು. ಬಾಯಿ ಬಿಟ್ಟರೆ ಮುತ್ತು ಉದುರಿಬಿಡುತ್ತದೋ ಏನೋ ಎಂಬಂಥ ಆಸಾಮಿ. “ಇಬ್ಬರಿಗೂ ಸೇರಿಸಿ ದೇವರು ಕೊಟ್ಟ ಮಾತನ್ನ ಇವಳೊಬ್ಬಳೇ ಬಾಚ್ಕೊಂಡ್ಲು” ಎಂಬುದು ಅತ್ತೆಯ ತೀರ್ಪು. ಹಾಗೆಂದು ಅತ್ತೆಯೇನೂ ಕಡಿಮೆಯಲ್ಲ. ಸೊಸೆ ಕೆಲಸಕ್ಕೆ ಹೋದಾಗ ಮನೆಯಲ್ಲಿ ಮಾತಿನ ಉಸ್ತುವಾರಿ ಅವರದೇ.

ಲಾಯದ ಕುದುರೆಗಳಲ್ಲಿ ರೇಡಿಯೊಗೆ ಪ್ರಾಣವೆಂದರೆ ಬೆಲ್ಲ. ಮೈ ಬಣ್ಣವೂ ಬೆಲ್ಲದ್ದೇ, ಹಣೆಯ ಮೇಲೊಂದು ಬಿಳಿ ಚುಕ್ಕೆ. ಅದು ಹುಟ್ಟಿದಾಗ ಒದ್ದೆ ಮೈ ಒರೆಸಿದವಳು ಅವಳು, ಬೆಳೆದ ಮೇಲೆ ಮೊದಲ ಸಲ ಬೆನ್ನಿಗೆ ಜೀನು ಬಿಗಿದವಳೂ ಅವಳೇ. ನೋಡಲು ರಾಜಠೀವಿ, ಗುಂಡಿಗೆ ಮಾತ್ರ ಗುಬ್ಬಚ್ಚಿಯದು. ‘ಅಜ್ಜಿ’ ಎಂದು ಎಲ್ಲರೂ ಕರೆಯುತ್ತಿದ್ದ ಮುದಿ ಕುದುರೆ ಪಕ್ಕದಲ್ಲಿದ್ದರೆ ಬೆಲ್ಲ ಎಲ್ಲಿಗೆಂದರಲ್ಲಿಗೆ ಬರುತ್ತಿತ್ತು. ಅಜ್ಜಿಯ ಮೇಲೆ ಲಾಯದ ಯಜಮಾನರ ತಂಗಿ, ಬೆಲ್ಲದ ಮೇಲೆ ರೇಡಿಯೊ. ಇಬ್ಬರೂ ಹರಟೆ ಹೊಡೆಯುತ್ತ ಸೇತುವೆವರೆಗೆ ಹೋಗಿಬರುವುದು ರೂಢಿ. ಒಂಟಿಯಾಗಿ ಹೊರಡಿಸಿದರೆ ಮಾತ್ರ ಬೆಲ್ಲದ ಕಾಲು ಗೇಟಿನಲ್ಲೇ ನಡುಗುತ್ತಿತ್ತು.

ಅಜ್ಜಿಯ ಮಂಡಿ ಊದಿಕೊಂಡಾಗ ಯಜಮಾನರು ರೇಡಿಯೊಳನ್ನು ಕರೆದರು.

“ಅಜ್ಜಿಯನ್ನ ಇನ್ನು ಹೊರಗೆ ಕಳಿಸೋ ಹಾಗಿಲ್ಲಮ್ಮ. ಸವಾರಿಗೆ ಬರೋರೆಲ್ಲ ಒಬ್ಬೊಬ್ಬರೇ ಬರ್ತಾರೆ. ಜೊತೆ ಇಲ್ಲದೆ ಹೆಜ್ಜೆ ಇಡದ ಕುದುರೆ ಇಟ್ಕೊಂಡು ನಾನೇನು ಮಾಡ್ಲಿ? ಭಾನುವಾರ ಜೋಡಿ ಕುದುರೆ ಗಾಡಿಯವನು ಬರ್ತಾನೆ. ಅಷ್ಟರಲ್ಲಿ ಬೆಲ್ಲ ಒಂಟಿಯಾಗಿ ಸೇತುವೆವರೆಗೆ ಹೋಗಿಬಂದ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಅವನ ಜೊತೆ ಹೊರಡುತ್ತೆ.”

ಗಾಡಿಯವನು ಕೆಟ್ಟವನಲ್ಲ, ಆದರೆ ಅವನ ಊರು ದೂರ. ಹೋದ ಕುದುರೆಯನ್ನು ಮತ್ತೆ ಕಣ್ಣಲ್ಲಿ ಕಾಣುವ ಮಾತಿಲ್ಲ.

“ಇನ್ನೊಂದು” ಎಂದರು ಯಜಮಾನರು, “ಬಾಯಿಗೆ ಬೀಗ ಹಾಕು. ಹೆದರಿದ ಕುದುರೆ ಮೇಲೆ ಕೂತು ವಟವಟ ಅಂದ್ರೆ ಅದಕ್ಕೆ ಇನ್ನೂ ಗಾಬರಿ.”

ಅವಳು ಬೀಗ ಹಾಕಿದಳು. ಎಂಥ ಕಷ್ಟ ಎಂದು ಅವಳಿಗೇ ಗೊತ್ತು. ಹೇಳಬೇಕಾದ್ದೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಗೇಟಿನಿಂದಾಚೆ ಕಂಬದವರೆಗೆ, ಮತ್ತೆ ವಾಪಸ್ಸು. ಮಾರನೆಯ ದಿನ ಇನ್ನೊಂದಿಷ್ಟು ದೂರ. ಬೆಲ್ಲ ಬೆವರಿತು, ಕಿವಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿತು, ಪದೇ ಪದೇ ಕತ್ತು ಹೊರಳಿಸಿ ಅವಳನ್ನೇ ನೋಡಿತು. ದಾರಿಯ ತಿರುವಿನಲ್ಲಿ ಇಟ್ಟಿಗೆ ರಾಶಿಗೆ ಹೊದಿಸಿದ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಎಂದದ್ದೇ ತಡ, ಗಕ್ಕನೆ ತಿರುಗಿ ಲಾಯದ ಕಡೆ ಓಟ ಕಿತ್ತಿತು. ರೇಡಿಯೊ ಹುಲ್ಲಿನ ಮೇಲೆ ಬಿದ್ದಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕುದುರೆ ಮುಂದೆ, ಸವಾರಳು ಹಿಂದೆ, ಬಟ್ಟೆ ಕೊಡವಿಕೊಳ್ಳುತ್ತ ನಡೆದೇ ಬಂದಳು. ಯಜಮಾನರು ತಲೆ ಅಲ್ಲಾಡಿಸಿದರು.

ಆ ಸಂಜೆ ಮನೆಯಲ್ಲೂ ಅವಳು ಮಾತಾಡಲಿಲ್ಲ. ಬೀಗ ಹಾಕಿ ಹಾಕಿ ತುಕ್ಕು ಹಿಡಿದಿತ್ತೋ, ದುಃಖವೋ. ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಳು.

“ಹಲ್ಲು ನೋವೇನೇ?” ಎಂದರು ಅತ್ತೆ. ಅತ್ತೆ ಮಗನ ಮುಖ ನೋಡಿದರು. ಕೆಲಸದ ಮೇಜಿನ ಮುಂದೆ ಕೂತಿದ್ದ ಅವನು ಇಕ್ಕಳದಲ್ಲಿ ಹಿಡಿದಿದ್ದ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಬೀಳಿಸಿಕೊಂಡ. ಅದನ್ನು ಹುಡುಕುವುದು ಬಿಟ್ಟು ಎದ್ದು ಬಂದು ಅವಳ ಪಕ್ಕದಲ್ಲಿ ಕೂತ.

“ಏನಾಯ್ತು? ಹೇಳು. ನೀನು ಸುಮ್ಮನಿದ್ರೆ ನನಗೆ ಭಯ ಆಗುತ್ತೆ.”

ಅವಳು ಎಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿ, ತಿಂಗಳಿಗಾಗುವಷ್ಟು ಮಾತನ್ನು ಒಂದೇ ಉಸಿರಿಗೆ ಖರ್ಚು ಮಾಡಿದ. “ಅಜ್ಜಿ ಜೊತೆ ಹೋಗುವಾಗ ದಾರಿಯುದ್ದಕ್ಕೂ ಮಾತಾಡ್ತಿದ್ದೆ. ಈಗ ಬಾಯಿ ಮುಚ್ಕೊಂಡಿದ್ದೀಯ. ಆ ಪಾಪದ್ದು ಹುಟ್ಟಿದಾಗಿನಿಂದ ನಿನ್ನ ದನಿ ಕೇಳ್ಕೊಂಡು ಬೆಳೆದಿರೋದು. ನೀನು ಸುಮ್ಮನಾದ್ರೆ ಇಷ್ಟು ದೊಡ್ಡೋನು ನಾನೇ ಹೆದರ್ತೀನಿ, ಇನ್ನು ಅದು?”

ರೇಡಿಯೊ ಕಣ್ಣು ಅರಳಿಸಿದಳು. ಆಮೇಲೆ ನಕ್ಕಳು, ಅಳುತ್ತಲೇ ನಕ್ಕಳು. “ಇನ್ನು ಶುರುವಾಯ್ತು” ಎಂದು ಅತ್ತೆ ನಿಟ್ಟುಸಿರು ಬಿಟ್ಟರು, ಆದರೆ ಅವಳ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದರು.

ಬೆಳಿಗ್ಗೆ ಯಜಮಾನರಿಗೆ ಹೇಳಿದಾಗ ಅವರು ಗಡ್ಡ ಕೆರೆದುಕೊಂಡರು. “ನನ್ನ ದಾರಿ ಅಂತೂ ದಡ ಮುಟ್ಟಲಿಲ್ಲ. ನಿನ್ನದೇ ನೋಡು ಹೋಗು.”

ಅವಳು ಬೀಗ ಕಿತ್ತೆಸೆದಳು. “ನೋಡೋ ಮಗನೆ, ಇದು ಕಂಬ, ನಿನ್ನೆಯೂ ಇಲ್ಲೇ ಇತ್ತು, ಎಲ್ಲಿಗೂ ಹೋಗಿಲ್ಲ. ನಮ್ಮತ್ತೆ ಬೆಳಿಗ್ಗೆ ಕನ್ನಡಕ ಹುಡುಕಿ ಹುಡುಕಿ ಮನೆಯೆಲ್ಲ ತಲೆಕೆಳಗೆ ಮಾಡಿದ್ರು. ಎಲ್ಲಿತ್ತು ಹೇಳು? ಅವರ ಮೂಗಿನ ಮೇಲೆ!” ಬೆಲ್ಲದ ಒಂದು ಕಿವಿ ಅವಳ ಕಡೆ ತಿರುಗಿ ಅಲ್ಲೇ ನಿಂತಿತು. ಬೆನ್ನಿನ ಬಿಗಿ ಸಡಿಲಾದದ್ದು ಅವಳ ತೊಡೆಗಳಿಗೆ ತಿಳಿಯಿತು. ತಿರುವಿನಲ್ಲಿ ಅವಳು ಕೆಳಗಿಳಿದು, ಟಾರ್ಪಾಲಿನ ಚುಂಗು ಕೈಯಲ್ಲಿ ಹಿಡಿದು, ಅದಕ್ಕೂ ಒಂದಿಷ್ಟು ಬೈದಳು. ಬೆಲ್ಲ ಕತ್ತು ಚಾಚಿ ಮೂಸಿತು, ಸೀನಿತು, ತಿನ್ನಲು ಬರುತ್ತದೋ ಎಂದು ಕಚ್ಚಿಯೂ ನೋಡಿತು. ಅಂದು ಅಲ್ಲಿಗೇ ಸಾಕೆಂದು ಬೆನ್ನು ತಟ್ಟಿ ವಾಪಸ್ಸು ಕರೆತಂದಳು. ಮಾರನೆಯ ದಿನ ತಿರುವು ದಾಟಿ ಕೊಳದವರೆಗೆ ಹೋದರು. ಬಾತುಕೋಳಿಗಳು ರೆಕ್ಕೆ ಬಡಿದಾಗ ಬೆಲ್ಲ ಬೆಚ್ಚಿತು, ಆದರೆ ಮಾತು ನಿಲ್ಲಲಿಲ್ಲ, ಆದ್ದರಿಂದ ಅದೂ ಓಡಲಿಲ್ಲ. ಸೇತುವೆಯೊಂದು ಬಾಕಿ ಉಳಿಯಿತು.

ಭಾನುವಾರ ಗಾಡಿಯವನು ಹಗ್ಗದ ಸಮೇತ ಬಂದ. ಗಂಡ ಅಂಗಡಿ ಬಾಗಿಲು ಹಾಕಿಕೊಂಡು ಬಂದು ಗೇಟಿನ ಹತ್ತಿರ ನಿಂತ. ರೇಡಿಯೊ ಹೊರಟಳು. ಕುದುರೆ ತಿರುವಿನಲ್ಲಿ ಮರೆಯಾದ ಮೇಲೂ ಅವಳ ದನಿ ಕೇಳುತ್ತಿತ್ತು. ಬರಬರುತ್ತ ಸಣ್ಣದಾಗಿ, ಕೊನೆಗೆ ಅದೂ ನಿಂತುಹೋಯಿತು. ಯಜಮಾನರು ಅತ್ತಿಂದಿತ್ತ ನಡೆದರು. ಈಗಲೋ ಆಗಲೋ ಖಾಲಿ ಜೀನಿನ ಕುದುರೆ ಓಡಿಬಂದೀತೆಂದು ಎಲ್ಲರ ಕಣ್ಣೂ ದಾರಿಯ ಮೇಲೆ. ಗಂಡ ಮಾತ್ರ ಕಣ್ಣು ಮುಚ್ಚಿ, ಕೆಟ್ಟ ಗಡಿಯಾರಕ್ಕೆ ಕಿವಿಗೊಡುವವನಂತೆ ತಲೆ ವಾಲಿಸಿ ನಿಂತಿದ್ದ.

“ಬಂದ್ಲು” ಎಂದ.

“ಎಲ್ಲಿ? ನನಗೇನೂ ಕೇಳಿಸ್ತಿಲ್ಲ” ಎಂದರು ಯಜಮಾನರು.

“ಸೇತುವೆ ಮುಟ್ಟಿ ಬರ್ತಿದ್ದಾಳೆ. ದನಿಯಲ್ಲಿ ನಗು ಇದೆ.”

ಸ್ವಲ್ಪ ಹೊತ್ತಿಗೆ ಅದು ಎಲ್ಲರಿಗೂ ಕೇಳಿಸಿತು. ಮೊದಲು ಮಾತು, ಆಮೇಲೆ ಗೊರಸಿನ ಸದ್ದು, ಆಮೇಲೆ ತಿರುವಿನಲ್ಲಿ ಬೆಲ್ಲದ ಹಣೆಯ ಬಿಳಿ ಚುಕ್ಕೆ. ಟಾರ್ಪಾಲನ್ನು ಕಣ್ಣೆತ್ತಿಯೂ ನೋಡದೆ, ಸಡಿಲ ಲಗಾಮಿನಲ್ಲಿ ಕತ್ತು ಇಳಿಬಿಟ್ಟು ಆರಾಮವಾಗಿ ಬರುತ್ತಿತ್ತು. ಗಾಡಿಯವನು ನಕ್ಕು ಹಗ್ಗ ಸುತ್ತಿಟ್ಟುಕೊಂಡ.

“ಇನ್ಮೇಲೆ ಬಾಯಿ ಸತ್ತೋರಿಗೆ ಈ ಕುದುರೆ ಕೊಡೋದಿಲ್ಲ” ಎಂದರು ಯಜಮಾನರು.

ಗೇಟಿನಲ್ಲಿ ಯಾರಿದ್ದಾರೆಂಬ ಪರಿವೆಯೇ ಇಲ್ಲದೆ ರೇಡಿಯೊ ಕುದುರೆಯ ಕಿವಿಗೆ ಹೇಳುತ್ತಲೇ ಇದ್ದಳು. “ನನ್ನ ಗಂಡನಿಗೆ ಮಾತೇ ಬರಲ್ಲ, ನನ್ನ ಪಾಲಿಗೆ ಕಲ್ಲು ಬಿತ್ತು ಅಂತ ಎಲ್ಲರೂ ಅಂತಾರೆ ಕಣೋ. ಅವರಿಗೇನು ಗೊತ್ತು? ನಾನು ಇಷ್ಟು ವರ್ಷ ಮಾತಾಡಿದ್ದೀನಲ್ಲ, ಒಂದು ದಿನವಾದ್ರೂ ಅವನು ಕೇಳಿಸಿಕೊಳ್ಳದೆ ಇದ್ದದ್ದು ಉಂಟಾ?”

ಕಿವಿಯವರೆಗೂ ಕೆಂಪಾದ ಗಡಿಯಾರದವನು ಗೇಟು ತೆರೆದ.