ಗರ್ಭಗುಡಿಯಲ್ಲಿ ಕಾಲುವೆ ನೀರು

ಇದು ನಡೆದದ್ದೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ ಖಚಿತವಾಗಿ ಹೇಳಲಾರೆ. ಆಗ ನನಗೆ ಏಳೋ ಎಂಟೋ ವರ್ಷ. ಹಳೆಯ ಈಶ್ವರ ಗುಡಿಯೊಳಗೆ ಲಿಂಗದ ಸುತ್ತ ನೀರು ನಿಂತಿದೆ. ಅಪ್ಪ ಮೊಣಕಾಲೂರಿ ಆ ನೀರಿನ ಕಡೆ ಬಾಗಿದ್ದಾರೆ. ನಾನು ಹೊಸ್ತಿಲ ಹೊರಗಿದ್ದೇನೆ. ನೆನಪು ಇಷ್ಟೇ. ಆದರೆ ಆ ಗುಡಿಯ ಊರಿನಲ್ಲಿ ಮಾಸ್ತರರಾಗಿದ್ದ ಅಪ್ಪ ದೇವರನ್ನು ನಂಬುತ್ತಿರಲಿಲ್ಲ. ನನ್ನ ಅಪನಂಬಿಕೆ ಅವರಿಂದಲೇ ಬಂದದ್ದು. ವಿಶ್ವವಿದ್ಯಾಲಯ ಅದಕ್ಕೆ ಮಾತು ಕಲಿಸಿತು, ಅಷ್ಟೆ. ಅವರು ಒಮ್ಮೆ ಕೈ ಮುಗಿದಿದ್ದರೆ ಅದು ನನಗೆ ಗೊತ್ತಾಗಬೇಕು. ಅವರನ್ನೇ ಕೇಳುವ ಕಾಲ ಮುಗಿದುಹೋಗಿದೆ.

ಹೋದ ಆಗಸ್ಟಿನಲ್ಲಿ ಲಿಂಗಸೂಗೂರಿನ ಅಕ್ಕ ಫೋನು ಮಾಡಿ, ಆ ಗುಡಿಯ ನೆಲ ಎತ್ತರಿಸಿ ಗ್ರಾನೈಟ್ ಹಾಕುತ್ತಾರಂತೆ ಎಂದಳು. ಹಾಕಿದ ಮೇಲೆ ನೋಡಲು ಏನೂ ಉಳಿಯುವುದಿಲ್ಲ. ಮರುದಿನವೇ ಅವಳ ಮನೆಗೆ ಹೋಗಿ ನನ್ನ ನೆನಪು ಹೇಳಿದೆ.

"ಅಪ್ಪ ಆ ಗುಡಿ ಮೆಟ್ಲಾನ ಹತ್ತಿಲ್ಲೋ ತಮ್ಮಾ. ನೀ ಯಾವ್ದೋ ಸಿನಿಮಾದಾಗ ನೋಡಿದ್ದು ತಂದು ಅಪ್ಪಗ ಹಚ್ಚಾಕತ್ತಿ," ಎಂದಳು ಅಕ್ಕ. ಹಾಗೆನ್ನುತ್ತಲೇ ಹೊಲಿಗೆ ಮಶೀನಿಗೆ ಬಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿ ನನಗಿಂತ ಮೊದಲೇ ಬೀದಿಗಿಳಿದಳು.

ಬಸ್ಸಿನಲ್ಲಿ ಅವಳದು ಸೊನ್ನೆ ಟಿಕೆಟ್ಟು. "ಗಂಡಸಾಗಿ ಹುಟ್ಟೀದಿ, ನೀ ರೊಕ್ಕ ಕೊಡು," ಎಂದು ಕಿಟಕಿ ಸೀಟು ಹಿಡಿದಳು. ಸಂತೆಕಲ್ಲೂರಿನ ಆಸುಪಾಸು ತೊಗರಿ ಮೊಣಕಾಲೆತ್ತರಕ್ಕೆ ಬಂದಿತ್ತು. ಮೋಡವಿತ್ತು, ಮಳೆಯಿರಲಿಲ್ಲ, ಸೆಕೆ ಮಾತ್ರ. ಮಸ್ಕಿಯಲ್ಲಿ ಇಳಿದು ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಅಕ್ಕ ಶಾಸನದ ಗುಡ್ಡದ ಕಡೆ ಮಿರ್ಚಿ ತೋರಿಸಿ, "ಅಶೋಕ ಕಲ್ಲಿನ ಮ್ಯಾಲ ಬರಸಿಟ್ಟು ಹೋದ. ನಿನ್ನ ಹತ್ರ ಏನ್ ಸಾಕ್ಷಿ ಐತಿ?" ಎಂದಳು. ನಾನು ಮಿರ್ಚಿಯ ದುಡ್ಡು ಕೊಟ್ಟೆ.

ಸಿಂಧನೂರು ಹತ್ತಿರವಾದಂತೆ ಒಣ ಹೊಲಗಳು ಮುಗಿದು, ಕಾಲುವೆ ನೀರು ತುಂಬಿದ ಗದ್ದೆಗಳು ಶುರುವಾದವು. ಎಲ್ಲೆಡೆ ನಾಟಿ ನಡೆದಿತ್ತು. ಅಲ್ಲಿಂದ ಶೇರ್ ಆಟೋ, ಮೂವರ ಸೀಟಿನಲ್ಲಿ ಐವರು. ಗೊರೇಬಾಳದ ಆಚೆ ಇಳಿದು ಸ್ವಲ್ಪ ನಡೆದರೆ ಆ ಊರು.

ಗುಡಿ ನೆನಪಿನಲ್ಲಿದ್ದುದಕ್ಕಿಂತ ಗಿಡ್ಡ. ಕಂಬಗಳಿಗೆ ವರ್ಷವರ್ಷವೂ ಸುಣ್ಣ ಬಳಿದು ಕೆತ್ತನೆಯೆಲ್ಲ ಮುಚ್ಚಿಹೋಗಿತ್ತು. ನಂದಿಗೆ ಒರಗಿಸಿ ಗ್ರಾನೈಟ್ ಹಲಗೆಗಳನ್ನು ನಿಲ್ಲಿಸಿದ್ದರು. ಪೂಜಾರಿ ತೀರಿಕೊಂಡ ಮೇಲೆ ಗುಡಿ ನೋಡಿಕೊಳ್ಳುವ ಅವರ ಹೆಂಡತಿ ಬಸಮ್ಮ ದೀಪದ ಕಂಬ ತಿಕ್ಕುತ್ತಿದ್ದರು. ನಮ್ಮನ್ನು ಮೇಲೆ ಕೆಳಗೆ ನೋಡಿ, "ಮಾಸ್ತರ ಮಕ್ಕಳೇನು? ಇಬ್ಬರಿಗೂ ಅವರದ ಮೂಗು," ಎಂದರು.

ನೀರಿನ ಬಗ್ಗೆ ಕೇಳಿದೆ.

"ಬಂದಾವ ನೋಡಪಾ. ಕಾಲುವಿಗೆ ಬಿಟ್ಟ ಹತ್ತ ಹನ್ನೆರಡ ದಿನಕ್ಕ ಒಳಗ ಬರ್ತಾವ. ನಾವು ಗಂಗವ್ವ ಅಂತೀವಿ, ನಿಮ್ಮಪ್ಪ ಬಸಿನೀರು ಅಂತಿದ್ರು."

"ಅಪ್ಪ ಗುಡೀಗೆ ಬರ್ತಿದ್ನಾ?" ಅಕ್ಕನ ದನಿ ಏರಿತು.

"ವರ್ಷಾ ವರ್ಷಾ ಬರ್ತಿದ್ರವ್ವ. ಕೈಯಾಗ ಸಾಲಿ ಸ್ಕೇಲು. ನೀರಾಗ ನಿಂದ್ರಿಸೂದು, ಚೀಟ್ಯಾಗ ಬರಕೊಳ್ಳೂದು. 'ಮಾಸ್ತರ, ಗಂಗವ್ವಗ ಜಂಪರ್ ಹೊಲಸ್ತೀರೇನ್ರೀ?' ಅಂತ ನಮ್ಮ ಮನಿಯವರು ನಗ್ತಿದ್ರು."

ನನಗೆ ಹಗುರವಾಯಿತು. ಅಪ್ಪ ಬಾಗಿದ್ದು ಅಳತೆಗೆ. ಅಕ್ಕ ಸೋತಳು, ನಾನು ಗೆದ್ದೆ. ಆದರೆ ಬಸಮ್ಮನ ಮಾತು ಮುಗಿದಿರಲಿಲ್ಲ.

"ವರ್ಗ ಆಗಿ ಹೋಗೂ ವರ್ಷ ಮಾತ್ರ ಸ್ಕೇಲ್ ತಂದಿದ್ದಿಲ್ಲ. ನಿನ್ನ ಕರಕೊಂಡು ಬಂದಿದ್ರು. ಭಾಳ ಹೊತ್ತು ಒಳಗಿದ್ರು."

"ಏನು ಮಾಡಿದ್ರು? ಕೈ ಮುಗಿದ್ರೇನು?" ಎಂದೆ.

"ಬಾಗಲಾ ಸಣ್ಣದಪಾ. ಬಗ್ಗಿದವರ ಬೆನ್ನ ಕಂಡೀತು, ಕೈ ಹೆಂಗ ಕಂಡಾವು?"

ನಾನು ಒಳಗೆ ಹೋದೆ. ನೀರು ಕಪ್ಪಗೆ, ಅಲುಗದೆ ನಿಂತಿತ್ತು. ಎರಡು ಬಿಲ್ವದ ಎಲೆ ತೇಲುತ್ತಿದ್ದವು. ಮೊಣಕಾಲೂರಿ ಲಿಂಗದ ಮಗ್ಗುಲಲ್ಲಿ ನಡುಬೆರಳು ಇಳಿಸಿದೆ. ತುದಿಗೆ ಕಲ್ಲು ತಾಗುವ ಹೊತ್ತಿಗೆ ಬೆರಳು ಬುಡದವರೆಗೆ ಮುಳುಗಿತ್ತು. ನೀರು ತಣ್ಣಗಿತ್ತು. ತಕ್ಷಣ ಏಳಲಿಲ್ಲ, ಯಾಕೆಂದು ಕೇಳಿದರೆ ಹೇಳಲಾರೆ.

"ಲೇ, ಏನ್ ಮಾಡಾಕತ್ತೀಯೋ ಅಲ್ಲಿ?" ಹೊಸ್ತಿಲಿನಿಂದ ಅಕ್ಕ.

"ಅಳತಿ ಮಾಡಾಕತ್ತೀನಿ."

"ಹೂಂ, ಮಾಡು ಮಾಡು," ಎಂದಳು. ನಗಲಿಲ್ಲ.

ವಾಪಸು ಬರುವಾಗ ಮಸ್ಕಿ ದಾಟಿದ ಮೇಲೆ ಅವಳೇ, "ಆ ಸ್ಕೇಲು ನನ್ನ ಹತ್ರಾನ ಐತಿ," ಎಂದಳು. ಅಪ್ಪನ ಕಟ್ಟಿಗೆ ಸ್ಕೇಲಿನಿಂದಲೇ ಅವಳು ಇಷ್ಟು ವರ್ಷ ಬ್ಲೌಸಿನ ಬಟ್ಟೆಗೆ ಗೆರೆ ಹಾಕುತ್ತಾ ಬಂದಿದ್ದಾಳೆ. ಮನೆಗೆ ಬಂದು ಮಶೀನಿನ ಡ್ರಾದಿಂದ ತೆಗೆದುಕೊಟ್ಟಳು. ಅದರ ಒಂದು ತುದಿ ಕಪ್ಪಾಗಿತ್ತು.

"ಮಶೀನ್ ಎಣ್ಣಿ ಕಲೆ ಅಂತ ತಿಳಕೊಂಡಿದ್ದೆ," ಎಂದಳು.

ಎಣ್ಣೆ ಹಾಗೆ ಕೂರುವುದಿಲ್ಲ. ಕಪ್ಪು ಎರಡೂ ಮಗ್ಗುಲಲ್ಲಿ ಒಂದೇ ಎತ್ತರಕ್ಕೆ, ಗೆರೆ ಕೊಯ್ದಂತೆ ನಿಂತಿತ್ತು. ಕೊನೆಯ ವರ್ಷ ಅಪ್ಪ ಸ್ಕೇಲಿಲ್ಲದೆ ಆ ನೀರಿನ ಮುಂದೆ ಏನು ಮಾಡಿದರೋ ನನಗೆ ಇಂದಿಗೂ ಗೊತ್ತಿಲ್ಲ. ಖಚಿತಪಡಿಸಿಕೊಂಡದ್ದು ಒಂದನ್ನೇ: ಸ್ಕೇಲು ಮೂರು ಇಂಚಿನ ಮೇಲೆ ಒಂದು ಗೆರೆಯವರೆಗೆ ನೀರು ಕುಡಿದಿದೆ. ನನ್ನ ನಡುಬೆರಳನ್ನು ಪಕ್ಕಕ್ಕಿಟ್ಟು ನೋಡಿದೆ. ಮೂರು ಇಂಚಿನ ಮೇಲೆ ಒಂದು ಗೆರೆ.